ಗಾಳಿ, ಬಿಸಿಲು ಮತ್ತು ಬಿ.ಕಾಂ. ಓದುವ ಹುಡುಗಿಯರು

ಸೋಲಾರ್, ಗಾಳಿ ವಿದ್ಯುತ್ ಎಂದರೆ ಸೈನ್ಸ್ ವಿಭಾಗದವರ ವಿಷಯ ಎಂದು ನಮ್ಮ ಕಾಮರ್ಸ್ ತರಗತಿಯಲ್ಲಿ ಬಹಳ ಜನ ನಂಬಿದ್ದಾರೆ. ಅದರಲ್ಲೂ ಹುಡುಗರ ವಿಷಯ. 'ಪಿಯುಸಿ ನಂತರ ಏನು?' ಎಂದು ಯಾರೇ ಬಂದು ಭಾಷಣ ಮಾಡಿದರೂ ಕಾಮರ್ಸ್ ಹುಡುಗಿಯರಿಗೆ ಹೇಳುವುದು ಬ್ಯಾಂಕ್ ಪರೀಕ್ಷೆ, ಬಿ.ಎಡ್., ಧೈರ್ಯವಿದ್ದರೆ ಸಿ.ಎ., ಇಷ್ಟೇ. ಈ ಪಟ್ಟಿಗೆ ಇನ್ನೊಂದು ಸಾಲು ಸೇರಿಸಬೇಕು ಎನ್ನುವುದಕ್ಕಾಗಿ ಈ ಲೇಖನ. ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಮುಂದೆ ಏನು ಓದಬೇಕು ಎಂಬ ಮಾತು ನಮ್ಮ ಮನೆಯಲ್ಲೂ ಈಗ ನಡೆಯುತ್ತಿದೆ, ಆದ್ದರಿಂದ ಇದನ್ನು ಸ್ವಲ್ಪ ಸ್ವಾರ್ಥದಿಂದಲೇ ಓದಿ ತಿಳಿದುಕೊಂಡಿದ್ದೇನೆ.

ಮೊದಲು ಹೆಸರಿನ ವಿಷಯ. ಕನ್ನಡದಲ್ಲಿ 'ನವೀಕರಿಸಬಹುದಾದ ಇಂಧನ' ಎನ್ನುತ್ತಾರೆ. ಉರ್ದುವಿನಲ್ಲಿ 'ಖಾಬಿಲೆ ತಜ್ದೀದ್ ತವಾನಾಯಿ'. ಎರಡನ್ನೂ ದಾದಿಗೆ ಹೇಳಿದೆ, ಎರಡೂ ಅವರಿಗೆ ಅರ್ಥವಾಗಲಿಲ್ಲ. 'ಖರ್ಚಾದರೂ ಮುಗಿಯದ ಕರೆಂಟು' ಎಂದಾಗ ಅರ್ಥವಾಯಿತು. ಕಲ್ಲಿದ್ದಲು ಸುಟ್ಟರೆ ಮುಗಿಯುತ್ತದೆ. ಬಿಸಿಲು, ಗಾಳಿ, ಹರಿಯುವ ನೀರು, ಸಗಣಿಯ ಗ್ಯಾಸ್ ಮತ್ತೆ ಮತ್ತೆ ಸಿಗುತ್ತವೆ. ದುರ್ಗದವರಾದ ನಮಗೆ ಇದು ದೂರದ ಸಂಗತಿಯೂ ಅಲ್ಲ. ಕೋಟೆ ಹತ್ತಿ ನಿಂತರೆ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರದ ಬಿಳಿ ರೆಕ್ಕೆಗಳು ತಿರುಗುವುದು ಕಾಣುತ್ತದೆ. ಚಳ್ಳಕೆರೆ ದಾಟಿ ಮುಂದೆ ಹೋದರೆ ಪಾವಗಡ, ಅಲ್ಲಿ ದೇಶದ ಅತಿ ದೊಡ್ಡ ಸೋಲಾರ್ ಪಾರ್ಕ್‌ಗಳಲ್ಲಿ ಒಂದಿದೆ. ದೇಶ 2030ರೊಳಗೆ ಕಲ್ಲಿದ್ದಲು, ತೈಲ, ಗ್ಯಾಸ್ ಬಿಟ್ಟು ಬೇರೆ ಮೂಲಗಳಿಂದ 500 ಗಿಗಾವ್ಯಾಟ್ ಸಾಮರ್ಥ್ಯ ಕಟ್ಟಬೇಕೆಂದು ಗುರಿ ಇಟ್ಟುಕೊಂಡಿದೆ. ನಾವು ಡಿಗ್ರಿ ಮುಗಿಸಿ ಕೆಲಸ ಹುಡುಕುವುದೂ ಅದೇ ವರ್ಷಗಳಲ್ಲಿ.

ಈ ಕ್ಷೇತ್ರದಲ್ಲಿ ಹೆಂಗಸರು ಎಷ್ಟಿದ್ದಾರೆ? ಐರೆನಾ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನವೀಕರಿಸಬಹುದಾದ ಇಂಧನ ಕ್ಷೇತ್ರದ ಕೆಲಸಗಾರರಲ್ಲಿ ಶೇ. 32 ಮಹಿಳೆಯರು. ತೈಲ ಮತ್ತು ಗ್ಯಾಸ್ ಕಂಪನಿಗಳಲ್ಲಿ ಇದು ಶೇ. 22 ಮಾತ್ರ. ಅದೇ ಸಂಸ್ಥೆಯ ನಂತರದ ವರದಿಗಳಲ್ಲಿ ಸೋಲಾರ್‌ನಲ್ಲಿ ಶೇ. 40, ಗಾಳಿಯಲ್ಲಿ ಶೇ. 21 ಎಂದಿದೆ. ಇದು ಪ್ರಪಂಚದ ಲೆಕ್ಕ. ನಮ್ಮ ದೇಶಕ್ಕೆ ಬಂದರೆ ಮುಖ ಸಪ್ಪಗಾಗುತ್ತದೆ. ಮನೆ, ಕಟ್ಟಡಗಳ ಮೇಲೆ ಸೋಲಾರ್ ಹಾಕುವ ಕಂಪನಿಗಳನ್ನು ಅಧ್ಯಯನ ಮಾಡಿದ 2019ರ ಒಂದು ವರದಿಯಲ್ಲಿ ಮಹಿಳೆಯರ ಪಾಲು ಸುಮಾರು ಶೇ. 11 ಅಷ್ಟೇ. ನಮ್ಮ ಕಾಮರ್ಸ್ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರಿದ್ದಾರೆ ಎನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇನ್ನು ಕಾಮರ್ಸ್‌ಗೂ ಕರೆಂಟಿಗೂ ಏನು ಸಂಬಂಧ ಎಂಬ ಪ್ರಶ್ನೆ. ನನ್ನ ಪ್ರಕಾರ ಬಹಳ ಹತ್ತಿರದ ಸಂಬಂಧ, ಕಾರಣ ಹೇಳುತ್ತೇನೆ.

ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಕಟ್ಟಿದ ಮೇಲೂ ಪ್ರತಿದಿನ ಕಲ್ಲಿದ್ದಲು ಕೊಳ್ಳಬೇಕು. ಅಂದರೆ ಖರ್ಚು ಹಲವು ವರ್ಷಗಳಲ್ಲಿ ಹರಡಿರುತ್ತದೆ. ಬಿಸಿಲಿಗೆ, ಗಾಳಿಗೆ ಯಾರೂ ಬಿಲ್ ಕಳಿಸುವುದಿಲ್ಲ. ಹಾಗಾಗಿ ಸೋಲಾರ್ ಅಥವಾ ಗಾಳಿ ಸ್ಥಾವರದ ಖರ್ಚು ಬಹುಪಾಲು ಮೊದಲ ದಿನವೇ ಆಗಿಬಿಡುತ್ತದೆ: ಜಮೀನು, ಪ್ಯಾನೆಲ್, ತಂತಿ, ಕಂಬ. ಅಷ್ಟು ಹಣ ಯಾರ ಕೈಯಲ್ಲೂ ಇರುವುದಿಲ್ಲ, ಸಾಲ ತರಬೇಕು. ಕಚ್ಚಾವಸ್ತುವಿನ ಬೆಲೆ ಸೊನ್ನೆ ಇರುವ ಈ ವ್ಯಾಪಾರದಲ್ಲಿ ಕೊನೆಗೆ ಕರೆಂಟಿನ ಬೆಲೆಯನ್ನು ನಿರ್ಧರಿಸುವ ದೊಡ್ಡ ಸಂಗತಿ ಬಡ್ಡಿ ದರ. ಪ್ಯಾನೆಲ್ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತದೆ. ಸಾಲ ಹಾಗೆ ಸಿಗುವುದಿಲ್ಲ. ಆದ್ದರಿಂದ ಒಳ್ಳೆಯ ಎಂಜಿನಿಯರ್ ಎಷ್ಟು ಬೇಕೋ ಒಳ್ಳೆಯ ಲೆಕ್ಕಿಗರೂ ಅಷ್ಟೇ ಬೇಕು.

ದೊಡ್ಡ ಸ್ಥಾವರಗಳ ಕೆಲಸ ಹರಾಜಿನಲ್ಲಿ ಸಿಗುತ್ತದೆ. ಆದರೆ ನಮ್ಮ ಎಪಿಎಂಸಿ ಹರಾಜಿನ ಹಾಗಲ್ಲ, ಉಲ್ಟಾ. ಯಾರು ಕಡಿಮೆ ಬೆಲೆಗೆ ಕರೆಂಟು ಮಾರಲು ಒಪ್ಪುತ್ತಾರೋ ಅವರಿಗೆ ಕೆಲಸ. ಒಪ್ಪಂದ ಸಾಮಾನ್ಯವಾಗಿ 25 ವರ್ಷಕ್ಕೆ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾ ಪಾರ್ಕ್‌ನ ಹರಾಜಿನಲ್ಲಿ ಬೆಲೆ ಯೂನಿಟ್‌ಗೆ 2 ರೂಪಾಯಿ 44 ಪೈಸೆಗೆ ಇಳಿಯಿತು. ಇಲ್ಲಿ ಒಂದೊಂದು ಪೈಸೆಗೂ ಜಗಳ. ಯಾಕೆಂದರೆ 100 ಮೆಗಾವ್ಯಾಟ್ ಸೋಲಾರ್ ಸ್ಥಾವರ ವರ್ಷಕ್ಕೆ ಸುಮಾರು 20 ಕೋಟಿ ಯೂನಿಟ್ ಕೊಡುತ್ತದೆ ಎಂದುಕೊಳ್ಳಿ. ಯೂನಿಟ್‌ಗೆ ಒಂದು ಪೈಸೆ ವ್ಯತ್ಯಾಸವಾದರೆ ವರ್ಷಕ್ಕೆ 20 ಲಕ್ಷ, 25 ವರ್ಷಕ್ಕೆ 5 ಕೋಟಿ ರೂಪಾಯಿ. ಈ ಲೆಕ್ಕ ಹಾಕಿ "ಇಷ್ಟಕ್ಕಿಂತ ಕೆಳಗೆ ಇಳಿಯಬೇಡಿ" ಎಂದು ಹೇಳುವವರು ಪ್ಯಾನೆಲ್ ಮುಟ್ಟಿಯೇ ಇರುವುದಿಲ್ಲ.

ಹಾಗೆಯೇ ನಾವು ತರಗತಿಯಲ್ಲಿ ಬೇಸರದಿಂದ ಮಾಡುವ ಸವಕಳಿ. ಆದಾಯ ತೆರಿಗೆಯಲ್ಲಿ ಸೋಲಾರ್ ಉಪಕರಣಕ್ಕೆ ಶೇ. 40ರ ದರದಲ್ಲಿ ಸವಕಳಿ ತೋರಿಸಬಹುದು, ಇಳಿಕೆ ಶೇಷ ಪದ್ಧತಿಯಲ್ಲಿ. ಒಂದು ಕೋಟಿಯ ಸ್ಥಾವರಕ್ಕೆ ಮೊದಲ ಪೂರ್ಣ ವರ್ಷ 40 ಲಕ್ಷ, ಮರುವರ್ಷ ಉಳಿದ 60 ಲಕ್ಷದ ಮೇಲೆ 24 ಲಕ್ಷ. ಲಾಭದಲ್ಲಿರುವ ಅಕ್ಕಿ ಗಿರಣಿ, ಕೋಲ್ಡ್ ಸ್ಟೋರೇಜ್‌ಗಳು ಸೋಲಾರ್ ಹಾಕಿಸಲು ಇದೂ ಒಂದು ಕಾರಣ. ಈ ಕ್ಷೇತ್ರಕ್ಕೆಂದೇ ಸಾಲ ಕೊಡುವ ಸರ್ಕಾರಿ ಸಂಸ್ಥೆಯೂ ಇದೆ. ಅದರ ಹೆಸರು ಇರೆಡಾ, ಶುರುವಾದದ್ದು 1987ರಲ್ಲಿ. 2023ರ ನವೆಂಬರ್‌ನಲ್ಲಿ ಅದು ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರಿತು. ಷೇರು ವಿತರಣೆಯ ಪಾಠಕ್ಕೆ ಉದಾಹರಣೆ ಬೇಕಾದವರು ಅದನ್ನೇ ಬರೆಯಬಹುದು.

ಹಳೆಯ ಒಂದು ಉದಾಹರಣೆ ನನಗೆ ಬಹಳ ಇಷ್ಟವಾಯಿತು. 1948ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಡೋವರ್ ಎಂಬ ಊರಿನಲ್ಲಿ ಬಿಸಿಲಿನ ಶಾಖದಿಂದಲೇ ಚಳಿಗಾಲ ಕಳೆಯುವ ಒಂದು ಮನೆ ಕಟ್ಟಿದರು. ಶಾಖ ಹಿಡಿದಿಡುವ ವಿಧಾನ ರೂಪಿಸಿದವರು ಹಂಗೇರಿಯಿಂದ ಬಂದ ವಿಜ್ಞಾನಿ ಮರಿಯಾ ಟೆಲ್ಕೆಸ್. ಹಗಲು ಬಿಸಿಲಿಗೆ ಒಂದು ಬಗೆಯ ಉಪ್ಪು ಕರಗುತ್ತದೆ, ರಾತ್ರಿ ಗಟ್ಟಿಯಾಗುತ್ತಾ ಆ ಶಾಖವನ್ನು ಬಿಡುತ್ತದೆ, ಇದು ಅವರ ಉಪಾಯ. ಮನೆಯ ನಕ್ಷೆ ಮಾಡಿದವರು ವಾಸ್ತುಶಿಲ್ಪಿ ಎಲಿನೋರ್ ರೇಮಂಡ್. ಹಣ ಹಾಕಿದವರು ಅಮೀಲಿಯಾ ಪೀಬಾಡಿ, ಅವರು ಶಿಲ್ಪಿ. ಮೂವರೂ ಹೆಂಗಸರು. ಎರಡು ಚಳಿಗಾಲ ಮನೆ ಬೆಚ್ಚಗಿತ್ತು, ಮುಂದೆ ಉಪ್ಪು ಸರಿಯಾಗಿ ಕೆಲಸ ಮಾಡದೆ ತೊಂದರೆ ಕೊಟ್ಟಿತು. ಸೋಲಾರ್ ಇತಿಹಾಸ ಹೇಳುವವರು ಟೆಲ್ಕೆಸ್ ಹೆಸರನ್ನು ಮಾತ್ರ ಹೇಳುತ್ತಾರೆ. ಕಾಮರ್ಸ್‌ನವಳಾಗಿ ನಾನು ಪೀಬಾಡಿ ಹೆಸರನ್ನೂ ಹೇಳುತ್ತೇನೆ. ಅವರು ಚೆಕ್ ಬರೆಯದಿದ್ದರೆ ಉಪ್ಪು ಡಬ್ಬಿಯಲ್ಲೇ ಇರುತ್ತಿತ್ತು.

ಇಷ್ಟು ದೊಡ್ಡ ವಿಷಯ ಬಿಟ್ಟು ಈಗ ನಮ್ಮ ತಾರಸಿಗೆ ಬರುತ್ತೇನೆ. ನನ್ನ ಖಾಲಾ ಮಗಳು, ನಾವು ಆಪಾ ಎಂದು ಕರೆಯುವವರು, ಬಿ.ಕಾಂ. ಮುಗಿಸಿ ದಾವಣಗೆರೆಯಲ್ಲಿ ಮನೆಗಳಿಗೆ ಸೋಲಾರ್ ಹಾಕುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ. ಸೇರಿದ್ದು ಅಕೌಂಟ್ಸ್‌ಗೆ. ಈಗ ಅವರು ಮಾಡುವ ಕೆಲಸ ಕೇಳಿದರೆ ಅರ್ಧ ಲೆಕ್ಕ, ಅರ್ಧ ಮಾತು.

2024ರಲ್ಲಿ ಕೇಂದ್ರ ಸರ್ಕಾರ ಪಿ.ಎಂ. ಸೂರ್ಯಘರ್ ಯೋಜನೆ ತಂದಿತು. ಗುರಿ ಒಂದು ಕೋಟಿ ಮನೆಗಳು. 1 ಕಿಲೋವ್ಯಾಟ್ ಹಾಕಿಸಿದರೆ 30 ಸಾವಿರ, 2 ಕಿಲೋವ್ಯಾಟ್‌ಗೆ 60 ಸಾವಿರ, 3 ಅಥವಾ ಹೆಚ್ಚಿಗೆ 78 ಸಾವಿರ ರೂಪಾಯಿ ಸಬ್ಸಿಡಿ. ಅರ್ಜಿ ಪೋರ್ಟಲ್‌ನಲ್ಲಿ ಹಾಕಬೇಕು. ನಂತರ ಬೆಸ್ಕಾಂ ಒಪ್ಪಿಗೆ, ಅಳವಡಿಕೆ, ನೆಟ್ ಮೀಟರ್, ತಪಾಸಣೆ, ಕೊನೆಗೆ ಗ್ರಾಹಕರ ಬ್ಯಾಂಕ್ ಖಾತೆಗೆ ಸಬ್ಸಿಡಿ. ಈ ಸರಪಳಿಯಲ್ಲಿ ಎಲ್ಲಾದರೂ ಹೆಸರಿನ ಅಕ್ಷರ ತಪ್ಪಿದರೆ ಹಣ ನಿಲ್ಲುತ್ತದೆ. ನಮ್ಮವರ ಹೆಸರುಗಳನ್ನು ಆಧಾರ್‌ನಲ್ಲಿ ಒಂದು ರೀತಿ, ಕರೆಂಟ್ ಬಿಲ್‌ನಲ್ಲಿ ಇನ್ನೊಂದು ರೀತಿ, ಪಾಸ್‌ಬುಕ್‌ನಲ್ಲಿ ಮತ್ತೊಂದು ರೀತಿ ಬರೆದಿರುತ್ತಾರೆ. ಮೀಟರ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಆಪಾ ಅವರ ಅರ್ಧ ದಿನ ಇದಕ್ಕೇ ಹೋಗುತ್ತದಂತೆ.

ಬಿಲ್ ಬರೆಯುವುದೂ ಸುಲಭವಲ್ಲ. ಸೋಲಾರ್ ಅಳವಡಿಕೆಯನ್ನು ಜಿ.ಎಸ್.ಟಿ.ಯಲ್ಲಿ ಶೇ. 70 ಸರಕು, ಶೇ. 30 ಸೇವೆ ಎಂದು ಒಡೆಯುತ್ತಾರೆ. ಸರಕಿಗೆ ಶೇ. 12 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ಸೇವೆಗೆ ಶೇ. 18. ತೆರಿಗೆ ಬಿಟ್ಟು 1,60,000 ರೂಪಾಯಿ ಆಗುವ 3 ಕಿಲೋವ್ಯಾಟ್ ವ್ಯವಸ್ಥೆ ಎಂದುಕೊಳ್ಳೋಣ. ಸರಕು 1,12,000, ಅದರ ತೆರಿಗೆ 5,600. ಸೇವೆ 48,000, ಅದರ ತೆರಿಗೆ 8,640. ಒಟ್ಟು ಬಿಲ್ 1,74,240 ರೂಪಾಯಿ. ಹಳೆಯ ದರದಲ್ಲಾಗಿದ್ದರೆ 7,840 ರೂಪಾಯಿ ಹೆಚ್ಚು ಬೀಳುತ್ತಿತ್ತು. ಈಗಿನ ಬಿಲ್‌ನಲ್ಲಿ 78,000 ಸಬ್ಸಿಡಿ ಕಳೆದರೆ ಮನೆಯವರ ಕೈಯಿಂದ ಹೋಗುವುದು 96,240.

ಇದು ಲಾಭವೋ ನಷ್ಟವೋ? 1 ಕಿಲೋವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಎಂದರೆ 12, ತಿಂಗಳಿಗೆ 360. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 2,160 ರೂಪಾಯಿ ಉಳಿತಾಯ. ನಾಲ್ಕು ವರ್ಷದೊಳಗೆ ಹಾಕಿದ ಹಣ ವಾಪಸ್. ಪ್ಯಾನೆಲ್ 25 ವರ್ಷ ಬಾಳುತ್ತದೆ. ಬಹಳ ಚೆನ್ನಾಗಿದೆ, ಅಲ್ಲವೇ? ಆದರೆ ನಿಲ್ಲಿ. ನಮ್ಮ ರಾಜ್ಯದಲ್ಲಿ 2023ರಿಂದ ಗೃಹಜ್ಯೋತಿ ಇದೆ. ತಿಂಗಳಿಗೆ 200 ಯೂನಿಟ್ ಒಳಗೆ, ತಮ್ಮ ಹಿಂದಿನ ಸರಾಸರಿಗಿಂತ ಸ್ವಲ್ಪ ಮಾತ್ರ ಹೆಚ್ಚು ಬಳಸುವ ಮನೆಗೆ ಬಿಲ್ಲೇ ಇಲ್ಲ. 90 ಯೂನಿಟ್ ಬಳಸುವ ಮನೆಯವರು ಸಾಲ ಮಾಡಿ ಸೋಲಾರ್ ಹಾಕಿಸಿದರೆ ಉಳಿಸುವುದು ಯಾವ ಬಿಲ್ಲನ್ನು? ಎ.ಸಿ., ಗೀಸರ್, ಎರಡು ಫ್ರಿಜ್ ಇರುವ, ಪ್ರತಿ ತಿಂಗಳು 200 ದಾಟಿ ಪೂರ್ತಿ ಬಿಲ್ ಕಟ್ಟುವ ಮನೆಗೆ ಮಾತ್ರ ಮೇಲಿನ ಲೆಕ್ಕ ಸರಿ. ಆಪಾ ಇದನ್ನು ಗ್ರಾಹಕರಿಗೆ ಹೇಳಿಬಿಡುತ್ತಾರೆ. "ನಿಮಗೆ ಬೇಡ ಭಾಬಿ, ಸುಮ್ಮನೆ ಸಾಲ" ಎಂದು ಹೇಳಿ ವಾಪಸ್ ಬಂದ ಮನೆಗಳಿವೆಯಂತೆ. ಮಾಲೀಕರಿಗೆ ಮೊದಮೊದಲು ಸಿಟ್ಟು ಬಂತು. ಆಮೇಲೆ ಬೇಡ ಎಂದ ಮನೆಯವರೇ ದೊಡ್ಡ ಮನೆಯ ತಮ್ಮ ಸಂಬಂಧಿಕರನ್ನು ಕಳಿಸಲು ಶುರು ಮಾಡಿದರು.

ಆಪಾ ಅಕೌಂಟ್ಸ್ ಟೇಬಲ್ ಬಿಟ್ಟು ತಾರಸಿ ಹತ್ತಿದ್ದಕ್ಕೂ ಒಂದು ಕಾರಣವಿದೆ. ಪ್ಯಾನೆಲ್ ಎಲ್ಲಿ ಕೂರಿಸಬೇಕು ಎಂದು ನೋಡಲು ಹಗಲಿನಲ್ಲೇ ಹೋಗಬೇಕು. ನೀರಿನ ಟ್ಯಾಂಕ್, ಪಕ್ಕದ ತೆಂಗಿನ ಮರ, ಹಿಂದಿನ ಮೂರಂತಸ್ತಿನ ಮನೆಯ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಎನ್ನುವುದು ಸಂಜೆ ಹೋದರೆ ಗೊತ್ತಾಗುವುದಿಲ್ಲ. ಆದರೆ ನಮ್ಮ ಮೊಹಲ್ಲಾಗಳಲ್ಲಿ ಹಗಲು ಹೊತ್ತು ಗಂಡಸರು ಅಂಗಡಿಗೋ ಗ್ಯಾರೇಜಿಗೋ ಹೋಗಿರುತ್ತಾರೆ. ಸರ್ವೆಗೆ ಬಂದ ಹುಡುಗನಿಗೆ ಬಾಗಿಲ ಹಿಂದಿನಿಂದಲೇ ಉತ್ತರ ಬರುತ್ತದೆ: "ಮರ್ದಾಂ ನೈಂ ಘರ್ ಮೆ, ಶಾಮ್ ಕು ಆವ್." ಗಂಡಸರಿಲ್ಲ, ಸಂಜೆ ಬನ್ನಿ. ಸಂಜೆ ಬಂದರೆ ಬಿಸಿಲಿಲ್ಲ! ತಾರಸಿಗೆ ಮೆಟ್ಟಿಲು ಮನೆಯ ಒಳಗಿನಿಂದಲೇ ಇದ್ದರಂತೂ ಮುಗಿಯಿತು. ಹೆಣ್ಣುಮಗಳು ಹೋದರೆ ಬಾಗಿಲು ತೆರೆಯುತ್ತದೆ, ಚಹಾವೂ ಬರುತ್ತದೆ. ಯಾವ ಯಂತ್ರ ಎಷ್ಟು ಹೊತ್ತು ಓಡುತ್ತದೆ, ವಾಷಿಂಗ್ ಮೆಷಿನ್ ಯಾವಾಗ ಹಾಕುತ್ತಾರೆ ಎಂಬ ಮಾಹಿತಿ ಮನೆಯ ಹೆಂಗಸರ ಹತ್ತಿರವೇ ಇರುವುದು. ಇದು ಬೇರೆ ಸಮುದಾಯದ ಎಷ್ಟೋ ಮನೆಗಳಿಗೂ ಅನ್ವಯಿಸುತ್ತದೆ. ಮಹಿಳೆಯರಿಗೆ ಕೆಲಸ ಕೊಡುವುದನ್ನು ಉಪಕಾರ ಎಂಬಂತೆ ಮಾತನಾಡುವವರಿಗೆ ನಾನು ಈ ತಾರಸಿಯ ಉದಾಹರಣೆ ಕೊಡುತ್ತೇನೆ. ಇಲ್ಲಿ ಹೆಣ್ಣುಮಗಳಿಲ್ಲದೆ ಕಂಪನಿಗೇ ನಷ್ಟ.

ಕೊಳ್ಳುವವರ ಮನಸ್ಸು ಅರ್ಥ ಮಾಡಿಕೊಳ್ಳುವುದೇ ವ್ಯಾಪಾರ ಎನ್ನುವುದಕ್ಕೆ ಸೆಲ್ಕೋ ಕಂಪನಿಯ ಕಥೆಯನ್ನೂ ಹೇಳಬೇಕು. 1995ರಲ್ಲಿ ಶುರುವಾದ ಈ ಕಂಪನಿ ಕರ್ನಾಟಕದ ಹಳ್ಳಿಗಳಲ್ಲಿ ಸೋಲಾರ್ ದೀಪ ಮಾರಿ ಹೆಸರು ಮಾಡಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದೆ. ಒಬ್ಬ ಬೀದಿ ವ್ಯಾಪಾರಿ ತಿಂಗಳಿಗೆ 300 ರೂಪಾಯಿ ಕೊಡುವುದು ಕಷ್ಟ, ದಿನಕ್ಕೆ 10 ರೂಪಾಯಿ ಆದರೆ ಕೊಡಬಲ್ಲೆ ಎಂದರಂತೆ. ಎರಡೂ ಒಂದೇ ಮೊತ್ತ. ಆದರೆ ದಿನಗೂಲಿಯ ಮನೆಗೆ ಒಂದೇ ಅಲ್ಲ. ಹಂದೆ ಅವರು ಐಐಟಿಯಲ್ಲಿ ಓದಿದವರು, ಆದರೂ ಈ ಪಾಠ ಹೇಳಿಕೊಟ್ಟದ್ದು ಬೀದಿ ವ್ಯಾಪಾರಿ ಎಂದು ಅವರೇ ಹೇಳುತ್ತಾರೆ. ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ ಮನೆಗಳಿಂದ ಬಂದ ನಮ್ಮ ಕಾಲೇಜಿನ ಹುಡುಗಿಯರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ, ದಿನವೂ ನೋಡುತ್ತಿದ್ದಾರೆ. ಸೆಲ್ಕೋದವರು ಈಗ ಸೋಲಾರ್ ಹೊಲಿಗೆ ಯಂತ್ರ, ರೊಟ್ಟಿ ಮಾಡುವ ಯಂತ್ರಗಳಿಗೂ ಬ್ಯಾಂಕ್ ಸಾಲ ಜೋಡಿಸಿಕೊಡುತ್ತಾರೆ. ಹಬ್ಬದ ಹಿಂದಿನ ವಾರ ಕರೆಂಟು ಹೋಗಿ ಕಾಲಿನಲ್ಲೇ ಮಷೀನು ತುಳಿಯುವ ಯಾವ ಟೈಲರ್ ಹೆಂಗಸನ್ನಾದರೂ ಕೇಳಿ, ಇದರ ಬೆಲೆ ಹೇಳುತ್ತಾರೆ. ಇಂಥ ಯಂತ್ರಕ್ಕೆ ಸಾಲ ಕೊಡಬಹುದೇ, ತಿಂಗಳ ಕಂತು ಎಷ್ಟಿರಬೇಕು ಎಂದು ವರದಿ ಬರೆಯುವುದು ಬಿ.ಕಾಂ. ಓದಿದವರ ಕೆಲಸ.

ಎಲ್ಲವೂ ಸಿಹಿಯಾಗಿಲ್ಲ. ಪಾವಗಡವನ್ನೇ ನೋಡಿ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. 2018ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು: ರೈತರ ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಬರಗಾಲದ ಸೀಮೆಯಲ್ಲಿ ಇದು ಕಡಿಮೆ ಅಲ್ಲ. ಆದರೆ ಗುತ್ತಿಗೆ ಹಣ ಹೋಗುವುದು ಪಹಣಿಯಲ್ಲಿ ಹೆಸರು ಇರುವವರಿಗೆ. ಪಹಣಿಯಲ್ಲಿ ಹೆಚ್ಚಾಗಿ ಗಂಡಸರ ಹೆಸರೇ ಇರುತ್ತದೆ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಜಮೀನಿಲ್ಲದ ಹೆಂಗಸರಿಗೆ ಹೊಲವೂ ಹೋಯಿತು, ಗುತ್ತಿಗೆಯೂ ಇಲ್ಲ. ಅವರಲ್ಲಿ ಕೆಲವರಿಗೆ ಪಾರ್ಕಿನಲ್ಲಿ ಕೆಲಸ ಸಿಕ್ಕಿತು. ಯಾವ ಕೆಲಸ? ಪ್ಯಾನೆಲ್ ಕೆಳಗಿನ ಹುಲ್ಲು ಕೊಯ್ಯುವುದು, ಧೂಳು ತೊಳೆಯುವುದು. ಹೀಗಾಗಿ 'ಇಷ್ಟು ಮಹಿಳೆಯರಿಗೆ ಉದ್ಯೋಗ' ಎಂದು ಯಾರಾದರೂ ಹೇಳಿದಾಗ ನಾವು ಎರಡನೆಯ ಪ್ರಶ್ನೆ ಕೇಳಬೇಕು: ಯಾವ ಉದ್ಯೋಗ, ಎಷ್ಟು ವರ್ಷಕ್ಕೆ? ಐರೆನಾ ವರದಿಯಲ್ಲೂ ಶೇ. 32 ಎಂಬ ಸಂಖ್ಯೆಯನ್ನು ಒಡೆದರೆ ಆಡಳಿತ ಕೆಲಸಗಳಲ್ಲಿ ಮಹಿಳೆಯರು ಶೇ. 45, ವಿಜ್ಞಾನ ತಂತ್ರಜ್ಞಾನದ ಕೆಲಸಗಳಲ್ಲಿ ಶೇ. 28.

ಬೇರೆ ರೀತಿ ಮಾಡಿದವರೂ ಇದ್ದಾರೆ. ರಾಜಸ್ಥಾನದ ತಿಲೋನಿಯಾದ ಬೇರ್‌ಫುಟ್ ಕಾಲೇಜಿನಲ್ಲಿ ಓದು ಬರಹ ಬಾರದ, ಮೊಮ್ಮಕ್ಕಳಿರುವ ಹೆಂಗಸರಿಗೆ ಆರು ತಿಂಗಳಲ್ಲಿ ಸೋಲಾರ್ ರಿಪೇರಿ ಕಲಿಸುತ್ತಾರೆ. ಆಫ್ರಿಕಾದ ಹಳ್ಳಿಗಳಿಂದಲೂ ಬಂದು ಕಲಿತು ಹೋಗಿದ್ದಾರೆ. ಭಾಷೆ ಬರದವರಿಗೆ ತಂತಿಗಳ ಬಣ್ಣ ತೋರಿಸಿ, ಕೈಸನ್ನೆಯಿಂದ ಕಲಿಸುವುದು. ಅದೇ ರಾಜಸ್ಥಾನದ ಡುಂಗರಪುರದಲ್ಲಿ ಐಐಟಿ ಬಾಂಬೆ ಸಹಾಯದಿಂದ ಆದಿವಾಸಿ ಹೆಂಗಸರೇ ಒಂದು ಸೋಲಾರ್ ಕಂಪನಿಯ ಒಡೆಯರಾಗಿದ್ದಾರೆ. ಕೂಲಿ ಬೇರೆ, ಷೇರು ಬೇರೆ ಎಂಬ ವ್ಯತ್ಯಾಸ ನಮ್ಮ ಪುಸ್ತಕದಲ್ಲೂ ಇದೆ.

ಗಾಳಿಯಂತ್ರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಂಬದೊಳಗೆ 80, 100 ಮೀಟರ್ ಏಣಿ ಹತ್ತಿ ರಿಪೇರಿ ಮಾಡುವ ತಂತ್ರಜ್ಞರ ಕೆಲಸಕ್ಕೆ ಐಟಿಐ ಅಥವಾ ಡಿಪ್ಲೊಮಾ ಬೇಕು. ನನಗೆ ಎತ್ತರ ಎಂದರೆ ತಲೆ ತಿರುಗುತ್ತದೆ. ಒಂದು ಮಾತು ಮಾತ್ರ: ಸ್ಕಾರ್ಫ್ ಹಾಕುವವರು ಇಂಥ ಕಡೆ ಹೇಗೆ ಎಂದು ಗೆಳತಿಯರು ಕೇಳುತ್ತಾರೆ. ಯಂತ್ರದ ಹತ್ತಿರ ಸಡಿಲ ಬಟ್ಟೆ ಯಾರಿಗೂ ಸಲ್ಲದು. ದುಪಟ್ಟಾ, ಸೀರೆಯ ಸೆರಗು, ಉದ್ದ ತೋಳಿನ ಅಂಗಿ ಎಲ್ಲಕ್ಕೂ ಅದೇ ನಿಯಮ. ಸ್ಕಾರ್ಫನ್ನು ಹೆಲ್ಮೆಟ್ ಒಳಗೆ ಬಿಗಿಯಾಗಿ ಸೇರಿಸಿಕೊಂಡರೆ ಆಪಾಗೆ ತಾರಸಿಯಲ್ಲಿ ಇದುವರೆಗೆ ತೊಂದರೆಯಾಗಿಲ್ಲ.

ನಿಜವಾದ ತೊಂದರೆ ಬೇರೆ. ದೊಡ್ಡ ಸ್ಥಾವರಗಳು ಊರಿಂದ ದೂರ. ಬಸ್ಸು ಕಡಿಮೆ, ಉಳಿಯಲು ಹಾಸ್ಟೆಲ್ ಇಲ್ಲ. ಆಪಾ ಒಮ್ಮೆ ಸ್ಟಾಕ್ ಎಣಿಸಲು ಒಂದು ಸೈಟ್‌ಗೆ ಹೋದಾಗ ಅಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಕುಡಿಯದೆ ಇದ್ದು ಬಂದರು. ಮನೆಯವರು ಬೇಡ ಎಂದರೆ ಹಳೆಕಾಲದವರು ಎಂದು ಬಯ್ಯುವುದು ಸುಲಭ. ಆದರೆ ಅಬ್ಬಾ ಕೇಳುವ ಪ್ರಶ್ನೆಗಳು, ಎಲ್ಲಿ ಇರುತ್ತೀ, ಎಷ್ಟು ಹೊತ್ತಿಗೆ ಬರುತ್ತೀ, ಜೊತೆಗೆ ಇನ್ನೊಬ್ಬ ಹೆಣ್ಣುಮಗಳು ಇದ್ದಾಳಾ, ಇವೆಲ್ಲ ಕಂಪನಿಗಳು ಉತ್ತರಿಸಬೇಕಾದ ಪ್ರಶ್ನೆಗಳೇ. ನಾನು ಸಿ.ಎಂ.ಎ. ಮಾಡಿ ಈ ಕ್ಷೇತ್ರಕ್ಕೆ ಹೋಗುತ್ತೇನೆ ಎಂದಿದ್ದೇನೆ. ಅಬ್ಬಾ ಇನ್ನೂ ಹೂಂ ಎಂದಿಲ್ಲ, ಇಲ್ಲ ಎಂದೂ ಅಂದಿಲ್ಲ. ಅಮ್ಮಿ ಮಾತ್ರ ಫೀಸು ಎಷ್ಟು ಎಂದು ಕೇಳಿದ್ದಾರೆ. ಅದು ಒಳ್ಳೆಯ ಲಕ್ಷಣ ಎಂದು ಆಪಾ ಹೇಳಿದರು.

ದಾರಿಗಳನ್ನು ಹೇಳುತ್ತೇನೆ. ಸಿ.ಎಂ.ಎ. ಮತ್ತು ಸಿ.ಎ. ಫೌಂಡೇಶನ್ ಪರೀಕ್ಷೆಗಳನ್ನು ಪಿಯುಸಿ ನಂತರವೇ ಬರೆಯಬಹುದು. ವಿದ್ಯುತ್ ಉತ್ಪಾದನೆ, ಸಾಗಣೆ, ಹಂಚಿಕೆ ಮಾಡುವ ನಿಗದಿತ ವಹಿವಾಟು ಮೀರಿದ ಕಂಪನಿಗಳು ಕಾನೂನಿನ ಪ್ರಕಾರ ವೆಚ್ಚದ ಲೆಕ್ಕ ಇಡಬೇಕು, ಅದರ ಲೆಕ್ಕಪರಿಶೋಧನೆಗೆ ಸಿ.ಎಂ.ಎ. ಬೇಕು. ಬಿ.ಕಾಂ. ನಂತರ ವಿದ್ಯುತ್ ನಿರ್ವಹಣೆಯಲ್ಲೇ ಎಂಬಿಎ ಮಾಡಬೇಕೆಂದರೆ ಫರೀದಾಬಾದ್‌ನ ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆಯಲ್ಲಿದೆ. ದೆಹಲಿಯ ಟೆರಿ ಸ್ಕೂಲ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್‌ನಲ್ಲಿ ಪರಿಸರಕ್ಕೆ ಸಂಬಂಧಿಸಿದ ಎಂಬಿಎ ಇದೆ. ಷೇರುಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ತಾವು ಬಳಸುವ ಇಂಧನ, ನೀರು, ಕಸದ ಲೆಕ್ಕವನ್ನು ವಾರ್ಷಿಕ ವರದಿಯೊಂದಿಗೆ ಕೊಡಲೇಬೇಕೆಂದು ಸೆಬಿ ನಿಯಮ ಮಾಡಿದೆ. ಈ ವರದಿ ಬರೆಯುವ ಕೆಲಸ ಬೆಂಗಳೂರಿನಲ್ಲಿ ಆಫೀಸಿನೊಳಗೇ ಸಿಗುವಂಥದ್ದು. ಬೆಸ್ಕಾಂ, ಕೆಪಿಟಿಸಿಎಲ್‌ಗಳಲ್ಲೂ ಲೆಕ್ಕಪತ್ರ ವಿಭಾಗದ ಹುದ್ದೆಗಳಿವೆ, ಮಹಿಳಾ ಮೀಸಲಾತಿ ಇದೆ.

ಸೂರ್ಯಮಿತ್ರ ಎಂಬ ಉಚಿತ ತರಬೇತಿಯ ಜಾಹೀರಾತು ವಾಟ್ಸ್ಆಪ್‌ನಲ್ಲಿ ಆಗಾಗ ಬರುತ್ತದೆ. ಒಳ್ಳೆಯದೇ, 600 ಗಂಟೆಯ ಕೋರ್ಸ್. ಆದರೆ ಅದು ಐಟಿಐ, ಡಿಪ್ಲೊಮಾ ಮಾಡಿದವರಿಗೆ. ನಾವು ಅರ್ಜಿ ಹಾಕಿ ಕಾಯುವುದು ಬೇಡ, ಐಟಿಐ ಮಾಡಿರುವ ಅಣ್ಣತಮ್ಮಂದಿರಿಗೂ ತಂಗಿಯರಿಗೂ ತಿಳಿಸೋಣ. ನಮಗೆ ಹತ್ತಿರದ್ದು ಗ್ರೀನ್ ಜಾಬ್ಸ್ ಕೌಶಲ ಮಂಡಳಿಯ ತಾರಸಿ ಸೋಲಾರ್ ಉದ್ಯಮಿ ಎಂಬ ಕೋರ್ಸ್. ಅಂಗಡಿ ನಡೆಸುವ ಮನೆಯಿಂದ ಬಂದವರು ಅದನ್ನು ಒಮ್ಮೆ ನೋಡಿ.

ನಮ್ಮ ಲೆಕ್ಕಶಾಸ್ತ್ರದ ಮೇಡಂ ಮುಂದಿನ ಶನಿವಾರ ಕೊನೆಯ ಅವಧಿಯನ್ನು ಮನೆಯ ಕರೆಂಟ್ ಬಿಲ್ ಲೆಕ್ಕಕ್ಕೆ ಕೊಡಲು ಒಪ್ಪಿದ್ದಾರೆ. ಯಾರ ಮನೆಗೆ ಸೋಲಾರ್ ಲಾಭ, ಯಾರ ಮನೆಗೆ ಬೇಡ ಎಂದು ಮೇಲಿನ ರೀತಿಯಲ್ಲೇ ಹಾಕಿ ನೋಡೋಣ. ಸೈನ್ಸ್, ಆರ್ಟ್ಸ್‌ನವರೂ ಬರಬಹುದು. ಬರುವವರು ಹಿಂದಿನ ಹನ್ನೆರಡು ತಿಂಗಳ ಬಿಲ್ ತನ್ನಿ, ಒಂದು ತಿಂಗಳದ್ದು ಸಾಲದು, ಬೇಸಿಗೆಗೂ ಮಳೆಗಾಲಕ್ಕೂ ಬಹಳ ವ್ಯತ್ಯಾಸವಿರುತ್ತದೆ. ಬಿಲ್ ಕಳೆದುಹೋಗಿದ್ದರೆ ಮೀಟರ್‌ನ ಖಾತೆ ಸಂಖ್ಯೆ ಬರೆದುಕೊಂಡು ಬನ್ನಿ, ಬೆಸ್ಕಾಂ ಆಪ್‌ನಲ್ಲಿ ಹಳೆಯ ಬಿಲ್ ತೆಗೆಯಬಹುದು.